ಎಡತೋಳು, ಅರ್ಧ ಇಂಚು

ಸೊಹಾರಿನ ಪುನರ್ವಸತಿ ಕೇಂದ್ರದ ಮೂರನೇ ಮಹಡಿಯಲ್ಲಿ
ಹಜರೇಸಾಬನ ತಲೆಗೆ ಟೋಪಿ ತೊಡಿಸುತ್ತೇನೆ.
ಹದಿನಾರು ತೂತಿನ ಟೋಪಿ; ತೂತಿಗೊಂದು ತಂತಿ,
ತಂತಿಯ ಬುಡಕ್ಕೆ ತಣ್ಣನೆಯ ಅಂಟು.
ಇಲ್ಲಿಯವರ ಕುಮ್ಮಾಕ್ಕೂ ಕಸೂತಿಯ ನಡುವೆ ಸೂಜಿತೂತುಗಳಿವೆ.
ಅವು ಗಾಳಿಯಾಡಲಿಕ್ಕೆ.
ಇವು ಮಾತಾಡಲಿಕ್ಕೆ.

ಸವಣೂರಿನವ. ಇಪ್ಪತ್ತೆರಡು ವರ್ಷ ದಿಶ್ದಾಶಾ ಹೊಲಿದವ.
ಕೊರಳ ಬಳಿ ತೂಗುವ ಫುರಾಖಾದ ಗೊಂಡೆಯನ್ನು
ಅವನಷ್ಟು ನೇರಕ್ಕೆ ಕಟ್ಟುವವರು ಸೂಕಿನಲ್ಲಿ ಇನ್ನೊಬ್ಬರಿಲ್ಲವಂತೆ.
ಫೆಬ್ರುವರಿಯಲ್ಲಿ ಮಿದುಳಿನ ಕಾಂಡದಲ್ಲಿ ರಕ್ತ ಹೆಪ್ಪುಗಟ್ಟಿತು.
ಕೈ ಹೋಯಿತು, ಕಾಲು ಹೋಯಿತು, ನಾಲಿಗೆ ಹೋಯಿತು,
ದಿಟ್ಟಿ ಒಂದು ಕಡೆ ನಿಲ್ಲದಾಯಿತು.
ಅವನು ಮಾತ್ರ ಹೋಗಲಿಲ್ಲ.

ಕಣ್ಣು ನಿಲ್ಲದವರಿಗೆ ಕಿವಿಯೇ ದಾರಿ, ಎಂದರು ಡಾಕ್ಟರ್ ರಯ್ಯಾ.
ಅಕ್ಷರಗಳನ್ನು ಒಂದೊಂದಾಗಿ ಕೂಗುವುದು.
ಬೇಕಾದ್ದು ಬಂದಾಗ ಮಿದುಳು 'ಇದೇ' ಎಂದು ಸಣ್ಣಗೆ ಬೆಚ್ಚುತ್ತದೆ,
ಸೆಕೆಂಡಿನ ಮೂರನೇ ಒಂದು ಪಾಲು ತಡವಾಗಿ.
ಆ ಬೆಚ್ಚನ್ನು ಯಂತ್ರ ಹಿಡಿಯುತ್ತದೆ.
ಮನಸ್ಸನ್ನು ಓದುವುದಿಲ್ಲ ಅದು, ತಪ್ಪು ತಿಳಿಯಬೇಡಿ;
ಸಂತೆಯಲ್ಲಿ ಹೆಸರು ಕೂಗಿದರೆ ತಿರುಗುವ ಕತ್ತನ್ನು
ಗುರುತಿಸಿದಂತೆ, ಅಷ್ಟೇ.

ಯಂತ್ರಕ್ಕೆ ಅರಬ್ಬಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು.
ಒಂದು ರಾತ್ರಿ ಪಾಳಿ ಮುಗಿಸಿ, ಹಾಸುಬಟ್ಟೆ ಇಡುವ ಕೋಣೆಯಲ್ಲಿ
ಏಸಿ ಆರಿಸಿ, ಬೆವರುತ್ತ, ಸಿಂಧನೂರಿನ ನನ್ನ ಗಂಟಲಲ್ಲಿ
ಅಕಾರದಿಂದ ಳಕಾರದವರೆಗೆ ಹೇಳಿ ತುಂಬಿದೆ.
ಚೌಕಗಳಲ್ಲಿ ಜೋಡಿಸುವುದು ಹೇಗೆಂದು ಮುಂಧಿರ್ ತಲೆ ಕೆರೆದಾಗ
ನಗು ಬಂತು: ಕ ಚ ಟ ತ ಪ,
ಐದು ಸಾಲು, ಸಾಲಿಗೈದು,
ಒಂದನೇ ಇಯತ್ತೆಯ ಗೋಡೆಯ ಮೇಲೆ ಯಾರೋ ಎಂದೋ ಹಾಕಿಟ್ಟಿದ್ದರು.
ಒತ್ತಕ್ಷರಕ್ಕೆ ಮಾತ್ರ ಮನೆ ಸಿಗಲಿಲ್ಲ.

ಮೊದಲ ದಿನ ನಲವತ್ತು ನಿಮಿಷಕ್ಕೆ ಎರಡಕ್ಷರ: ಎ. ಡ.
ಎಡಮಗ್ಗುಲು ನೋವೇ? ಹೊರಳಿಸಿದರು,
ದಿಂಬು ಬದಲಿಸಿದರು, ಎಕ್ಸ್‌ರೇ ತೆಗೆದರು.
ಎರಡನೇ ದಿನ: ತ. ಓ. ಳ. ಉ.
ತೋಳು! ಫಿಸಿಯೋದವಳು ಭುಜ ತಿಕ್ಕಿ ತಿಕ್ಕಿ ಸೋತಳು.
ಮೂರನೇ ದಿನ ಅಂಟು ಒಣಗಿ ಬರೀ ಕಸ.
ಸಂಜೆ ಫೋನಿನಲ್ಲಿ ದಾವಲಬಿ:
"ನನ್ನ ಹೆಸರೇನರ ತಗದಾರೇನ್ರಿ?"
ಇಲ್ಲ ಅನ್ನಲಾರದೆ, ಸಿಗ್ನಲ್ ಸರಿಯಿಲ್ಲ ಎಂದೆ.
ಅದು ಪೂರ್ತಿ ಸುಳ್ಳೂ ಅಲ್ಲ.
ನಾಲ್ಕನೇ ದಿನ: ಅ. ರ. ದ. ಇ. ಅಂ. ಚ.

ಅರ್ಧ ಇಂಚು.
ಡಾಕ್ಟರು ಗಾಯ ಅಳೆಯುವ ಪಟ್ಟಿ ತರಿಸಿದರು.
ನಾನು ಸೂಕಿಗೆ ಓಡಿದೆ.

ಮೊಳೆಗೆ ನೇತುಬಿದ್ದಿತ್ತು ಬಿಳಿ ದಿಶ್ದಾಶಾ,
ತೋಳಿಗೆ ಇನ್ನೂ ಕಚ್ಚಾ ಹೊಲಿಗೆ, ಕೊರಳಲ್ಲಿ ಚೀಟಿ: ಖಲ್ಫಾನ್.
ನಲವತ್ತು ವರ್ಷ ಬಲೆ ಎಳೆದವನ ಎಡಗೈ
ಬಲಕ್ಕಿಂತ ಅರ್ಧ ಇಂಚು ಉದ್ದ.
ಅದು ಚೀಟಿಯಲ್ಲಿರಲಿಲ್ಲ;
ನಾಲ್ಕು ತಿಂಗಳಿಂದ ಅಲ್ಲಾಡದ ತಲೆಯೊಂದರಲ್ಲಿತ್ತು.
ಅಂಗಡಿಯ ಹುಡುಗ ಕತ್ತರಿ ಎತ್ತಿಕೊಂಡ.

ಬಕ್ರೀದಿನ ಮರುದಿನ ಖಲ್ಫಾನ್ ಬಂದ, ಮೀನಿನ ವಾಸನೆಗೆ
ಫುರಾಖಾದ ಅತ್ತರು ಬೆರೆಸಿಕೊಂಡು. ಮಂಚದ ಮುಂದೆ ನಿಂತು
ಎರಡೂ ಕೈ ಚಾಚಿದ, ಅಳತೆ ಕೊಡುವವನಂತೆ.
ಎರಡೂ ತೋಳಿನಂಚು ಮಣಿಕಟ್ಟಿಗೆ ಸಮ.
ಹಜರೇಸಾಬನ ಕಣ್ಣು ಅಲ್ಲಿ ಇಲ್ಲಿ ತೇಲಿ
ಒಂದು ಗಳಿಗೆ ನಿಂತವೋ, ನನಗೆ ಹಾಗನಿಸಿತೋ.

ಟೋಪಿ ಹಾಕಿದೆ. ಅವನ ಕಿವಿಯಲ್ಲಿ ನನ್ನದೇ ದನಿ
ಸಾಲುಸಾಲಾಗಿ ಶುರುವಾಯಿತು.
ಇಷ್ಟಾದ ಮೇಲೆ ಏನು ಹೇಳಿಯಾನು?
ಹದಿನೆಂಟು ನಿಮಿಷ. ಬ. ಆ. ಕ. ಇ.
ಕೂಡಿಸಿಕೊಂಡು ಸ್ಪೀಕರು ಹೇಳಿತು: ಬಾಕಿ.

ನನಗೆ ಹೊಳೆಯುವ ಮೊದಲೇ ಖಲ್ಫಾನಿಗೆ ತಿಳಿಯಿತು,
ಅವನ ಭಾಷೆಯದೇ ಮಾತು ಅದು.
ಹೊಸ ಜೇಬಿಗೆ ಕೈ ಹಾಕುತ್ತ ನಕ್ಕ:
"ಹೌದು ಮಾರಾಯ, ಎರಡು ರಿಯಾಲ್."